ಗೋಡೆ ಮೇಲಿನ ಕೆಂಪು ಕೋಟು

ಶ್ರೀರಂಗಪಟ್ಟಣಕ್ಕೆ ಶಾಲಾ ಟ್ರಿಪ್ ಹೋದವರೆಲ್ಲ ದರಿಯಾ ದೌಲತ್ತಿನ ಪಶ್ಚಿಮ ಗೋಡೆಯ ಯುದ್ಧದ ಚಿತ್ರ ನೋಡಿರ್ತೀರಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಕಂಪನಿಯ ಕರ್ನಲ್ ಬೇಲಿಯನ್ನು ಸೋಲಿಸಿದ ಕಥೆ ಅದು. ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಬೇಲಿ, ಸುತ್ತ ಚೌಕ ಕಟ್ಟಿ ನಿಂತ ಕೆಂಪು ಕೋಟಿನವರು.

ಆ ಕಾಲದ ಸೈನಿಕರು ಏನು ಹಾಕ್ಕೊಳ್ತಿದ್ರು ಅಂತ ಯಾರಾದ್ರೂ ಕೇಳಿದರೆ ನನಗೆ ಮೊದಲು ನೆನಪಾಗೋದು ಇದೇ ಗೋಡೆ. ಆದ್ರೆ ಇದನ್ನ ಫೋಟೋ ಥರ ನಂಬೋಕಾಗಲ್ಲ. ಅರಮನೆ ಎದ್ದಿದ್ದು 1784ರಲ್ಲಿ, ಚಿತ್ರ ಬರೆಸಿದ್ದು ಗೆದ್ದವರು. ಅಷ್ಟೇ ಆಗಿದ್ರೆ ಪರವಾಗಿಲ್ಲ. ನಡುವೆ ಇದಕ್ಕೆ ಸುಣ್ಣ ಬಳಿದಿದ್ದೂ ಉಂಟು. ಟಿಪ್ಪು ಸತ್ತ ಮೇಲೆ ಇದೇ ಅರಮನೆಯಲ್ಲಿ ಬಿಡಾರ ಹೂಡಿದ್ದ ಆರ್ಥರ್ ವೆಲ್ಲೆಸ್ಲಿ ಸರಿಮಾಡಿಸಿದ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿ ಮತ್ತೆ ಬರೆಸಿದ. ತಮ್ಮ ಸೋಲಿನ ಚಿತ್ರವನ್ನ ಸೋತವರೇ ರಿಪೇರಿ ಮಾಡಿಸಿದ್ದು, ವಿಚಿತ್ರ ನೋಡಿ! ಯುದ್ಧಕ್ಕೂ ಆ ರಿಪೇರಿಗೂ 75 ವರ್ಷ ಅಂತರ. ಅಷ್ಟರಲ್ಲಿ ಬ್ರಿಟಿಷ್ ಕೋಟಿನ ಕಟ್ಟೇ ಬದಲಾಗಿತ್ತು. ಗುಂಡಿ ಎಷ್ಟು, ಕಾಲರ್ ಬಣ್ಣ ಯಾವುದು ಅಂತ ಈ ಗೋಡೆಯನ್ನ ಕೇಳಿ ಪ್ರಯೋಜನವಿಲ್ಲ.

ಚೌಕ, ಪಲ್ಲಕ್ಕಿ, ಸ್ಫೋಟ ಇವು ಸುಳ್ಳಲ್ಲ. ಬ್ರಿಟಿಷರ ಬರಹಗಳಲ್ಲೂ ಸಿಗುತ್ತವೆ. ನನಗೆ ತೊಂದರೆ ಕೊಡೋದು ಆ ಕೆಂಪು ಸಾಲು. ಮೈಸೂರಿನವರಿಗೆ ದಪ್ಪ ಮೀಸೆ, ಶತ್ರುಗಳಿಗೆ ನುಣ್ಣಗಿನ ಮುಖ. ನೋಡಿದ ತಕ್ಷಣ ಬಿಳಿಯರ ಪಡೆ ಅನ್ಸುತ್ತೆ. ನಿಜಕ್ಕೂ ಬೇಲಿಯ ಜೊತೆಗಿದ್ದ ಸುಮಾರು 3,800 ಜನರಲ್ಲಿ ಯುರೋಪಿಯನ್ನರು ಕೆಲವೇ ನೂರು. ಉಳಿದವರು ಮದರಾಸು ಸೇನೆಯ ಸಿಪಾಯಿಗಳು, ನಮ್ಮ ನೆರೆಯ ಊರುಗಳ ಜನ. ಅವರದ್ದೂ ಕೆಂಪು ಜಾಕೆಟ್ಟೇ, ಆದ್ರೆ ತಲೆಗೆ ರುಮಾಲಿನಂಥದ್ದು, ಕೆಳಗೆ ತುಂಡು ಚಡ್ಡಿ, ಕಾಲಿಗೆ ಚಪ್ಪಲಿ. ಕಂಪನಿ ಸಿಪಾಯಿಗಳನ್ನೇ ಕೂರಿಸಿ ಬರೆಸಿದ ಬೇರೆ ಚಿತ್ರಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತೆ. ಗೆದ್ದ ರಾಜನಿಗೆ ಸೋತವರು ಪರದೇಶಿಯರಾಗಿ ಕಂಡರೆ ಚೆಂದ. ಅವರ ನಡುವೆ ಚಪ್ಪಲಿ ಕಾಲಿನ ತಮಿಳನನ್ನೋ ತೆಲುಗನನ್ನೋ ಯಾಕೆ ತೋರಿಸಬೇಕು?

ಅದಕ್ಕೇ ನಾಟಕಕ್ಕೋ ಶಾರ್ಟ್ ಫಿಲ್ಮಿಗೋ ಬಟ್ಟೆ ಹೊಲಿಸೋರಿಗೆ ಒಂದು ಮಾತು: ಈ ಗೋಡೆಯಿಂದ ಬಣ್ಣ ತಗೊಳ್ಳಿ, ಸೇನೆ ನಿಲ್ಲುವ ರೀತಿ ತಗೊಳ್ಳಿ. ಸಿಪಾಯಿಯ ಚಡ್ಡಿ, ಚಪ್ಪಲಿಗೆ ಮಾತ್ರ ಆ ಬೇರೆ ಚಿತ್ರಗಳನ್ನ ಹುಡುಕಿ ಇಟ್ಕೊಳ್ಳಿ.