ಕಾಲ್ನಡಿಗೆಗೂ ಸೈಕಲ್ಲಿಗೂ ಜಾಗ ಬೇಕು

ಒಂದು ಕಾಲಕ್ಕೆ ಸೈಕಲ್‌ಗಳ ನಗರವೆಂದೇ ಹೆಸರಾಗಿದ್ದ ಪುಣೆಯಲ್ಲಿ ಇಂದು ಸೈಕಲ್ ಸವಾರ ಜೀವ ಕೈಯಲ್ಲಿ ಹಿಡಿದು ಸಾಗಬೇಕಾಗಿದೆ. ಕಾತ್ರಜ್-ಕೊಂಢವಾ ರಸ್ತೆಯಲ್ಲಿ ಲಾರಿಗೆ ಹೆದರಿ ಆತ ಫುಟ್‌ಪಾತ್ ಏರಿದರೆ, ಅಲ್ಲಿ ನಡೆಯುವ ಹಿರಿಯರು ಆತನಿಗೆ ಹೆದರಿ ರಸ್ತೆಗಿಳಿಯಬೇಕು. ತಪ್ಪು ಇವರಿಬ್ಬರದಲ್ಲ, ಇಬ್ಬರ ಜಾಗವನ್ನೂ ನುಂಗಿರುವುದು ಅತಿಕ್ರಮಣ ಮತ್ತು ಅಡ್ಡಾದಿಡ್ಡಿ ನಿಲ್ಲಿಸಿದ ವಾಹನಗಳು.

ಮಹಾನಗರಪಾಲಿಕೆ 2016ರಲ್ಲಿ ಪಾದಚಾರಿ ನೀತಿಯನ್ನು, 2017ರಲ್ಲಿ ಸೈಕಲ್ ಯೋಜನೆಯನ್ನು ಅಂಗೀಕರಿಸಿದೆ. ಕಾಗದದಲ್ಲಿರುವುದು ಬೀದಿಗೆ ಬರಬೇಕಾದರೆ ನಾಗರಿಕರು ಕೇಳಬೇಕು. ಬಜೆಟ್ಟಿಗೆ ನಾಗರಿಕರ ಸಲಹೆ ಪಡೆಯುವ ಪದ್ಧತಿ ಪಾಲಿಕೆಯಲ್ಲಿದೆ. ಇಲ್ಲಿನ ಕನ್ನಡ ಸಂಘಗಳು ತಮ್ಮ ಬಡಾವಣೆಯ ಫುಟ್‌ಪಾತ್ ದುರಸ್ತಿಗೆ ವಾರ್ಡ್ ಕಚೇರಿಯಲ್ಲಿ ಅರ್ಜಿ ಸಲ್ಲಿಸಲಿ. ಅದಕ್ಕೂ ಮೊದಲು, ರಾಜ್ಯೋತ್ಸವದ ದಿನ ಸಭಾಂಗಣದ ಮುಂದಿನ ಫುಟ್‌ಪಾತಿನಲ್ಲಿ ಸದಸ್ಯರ ಸ್ಕೂಟರುಗಳು ನಿಲ್ಲದಂತೆ ನೋಡಿಕೊಳ್ಳಲಿ. ಆಗ ಅರ್ಜಿಗೂ ತೂಕ ಬರುತ್ತದೆ.