ಬಾಟ್ಲಿ ವಾಪಸ್ ತಂದ್ರ 10 ರೂಪಾಯಿ

1/4

ಹಿಂದಿನ ಪೋಸ್ಟ್‌ಗೆ ಒಬ್ಬ ದೋಸ್ತ್ ಕಾಮೆಂಟ್ ಹಾಕಿದ್ದ: "ಸಮುದ್ರದ ಕಸಕ್ಕ ನೀ ಯಾಕ ತಲಿ ಕೆಡಿಸ್ಕೋತಿ? ಹನುಮನಹಳ್ಳಿಗೆ ಸಮುದ್ರ ಎಲ್ಲೈತಿ?"

ಇಲ್ಲ, ಒಪ್ಪಿದೆ. ಆದ್ರೆ ಹೊಳೆ ಐತಿ, ಹೊಳೆಯೊಳಗೆ ನಡುಗಡ್ಡೆಗಳೂ ಅದಾವ. ಈ ಕಡೆ ವಿರೂಪಾಪುರ ಗಡ್ಡೆ, ಆನೆಗೊಂದಿ ಹತ್ರ ನವವೃಂದಾವನ. ಡ್ಯಾಮ್ ಗೇಟ್ ತೆಗೆದಾಗ ನವವೃಂದಾವನ ಮುಳುಗೋ ವಿಡಿಯೋನ ನೀವೇ ಸ್ಟೇಟಸ್ ಇಟ್ಟಿರ್ತೀರಿ. ನೀರು ಇಳಿದ ಮೇಲೆ ಒಂದ್ಸಲ ದಂಡೆಗೆ ಹೋಗಿ ನೋಡ್ರಿ. ಬಂಡೆ ಸಂದಿಯಲ್ಲಿ, ಗಿಡದ ಕೊಂಬೆಯಲ್ಲಿ ನೀರಿನ ಬಾಟ್ಲಿ, ಚಿಪ್ಸ್ ಪ್ಯಾಕೆಟ್, ಗುಟ್ಕಾ ಚೀಟಿ. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಸ್ವಯಂಸೇವಕರು ಆರಿಸೋದೂ ಹೆಚ್ಚುಕಮ್ಮಿ ಇದನ್ನೇ.

ನಮ್ಮ ಹೊಳೆ ಕಂಪ್ಲಿ, ಮಂತ್ರಾಲಯ, ಕರ್ನೂಲು ದಾಟಿ ಕೃಷ್ಣೆಗೆ ಸೇರ್ತದೆ. ಆಮೇಲೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ, ಕೊನೆಗೆ ಬಂಗಾಳ ಕೊಲ್ಲಿ. ನಡುವೆ ಇಷ್ಟು ಡ್ಯಾಮ್ ಇರೋದ್ರಿಂದ ನಾವು ಒಗೆದ ಬಾಟ್ಲಿ ಎಲ್ಲಾ ಸಮುದ್ರ ಮುಟ್ಟೋದಿಲ್ಲ. ಹಂಗಂತ ಮಾಯಾನೂ ಆಗೋದಿಲ್ಲ. ದಾರಿಯಲ್ಲೇ ಬಿಸಿಲಿಗೆ ಚೂರುಚೂರಾಗಿ ನೀರಿನಲ್ಲೇ ಉಳೀತದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ನಾವು ಈಜಾಡೋ ನೀರು ಅದರೊಳಗೇ ಇದೆ.

2/4

ಈಗ ನನ್ನ ಕಥೆ. ಅಂಜನಾದ್ರಿ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಕಾಯಿ, ಕರ್ಪೂರ, ಬಿಸ್ಕಿಟ್, ನೀರಿನ ಬಾಟ್ಲಿ. ಹನುಮಮಾಲೆ ವಿಸರ್ಜನೆ ದಿನ ರಾತ್ರಿಯೆಲ್ಲಾ ಅಂಗಡಿ ಬಂದ್ ಮಾಡೋದಿಲ್ಲ. 575 ಮೆಟ್ಟಿಲು ಹತ್ತಿ ಇಳಿದವರಿಗೆ ಮೊದಲು ಬೇಕಾಗೋದೇ ನೀರು. ನನ್ನ ಕಾಲೇಜು ಫೀಸಿನಲ್ಲಿ ಆ ದಿನದ ಗಲ್ಲಾದ ಪಾಲೂ ಇದೆ.

ಹೋದ ವರ್ಷ ಹಬ್ಬ ಮುಗಿದ ಭಾನುವಾರ ನಾವು ಏಳು ಜನ ಹೊಳೆದಂಡೆ ಕ್ಲೀನ್ ಮಾಡೋಕೆ ಹೋಗಿದ್ವಿ. ನನ್ನ ಚೀಲ ತುಂಬಿದ್ದು ಯಾವ ಬಾಟ್ಲಿ ಗೊತ್ತಾ? ನಮ್ಮ ಸಾಲಿನಲ್ಲಿ ನಮ್ಮ ಅಂಗಡಿಯಲ್ಲಿ ಮಾತ್ರ ಸಿಗೋ ಬ್ರ್ಯಾಂಡ್. ನಾನೇ ಕೈಯಾರೆ ಕೊಟ್ಟಿದ್ದು. ಫೋಟೋ ತೆಗೆಸ್ಕೊಂಡೆ, ನಿಮ್ಮಿಂದ ಲೈಕ್ ತಗೊಂಡೆ, ಈ ವಿಷಯ ಮಾತ್ರ ಹೇಳಲಿಲ್ಲ. ಇವತ್ತು ಹೇಳ್ತಿದ್ದೀನಿ.

ಮನೆಗೆ ಬಂದು ಅಪ್ಪಗೆ ಹೇಳಿದೆ. "ಮಾರೂದು ನಮ್ ಕೆಲಸ, ಒಗಿಯೂದು ಅವರ ಕೆಲಸ. ನಾವೇನ್ ಮಾಡೂಣು?" ಅಂದ.

ಬಿಕಾಂ ಓದೋರಿಗೆ ಈ ಮಾತಿನ ತಪ್ಪು ಗೊತ್ತಾಗ್ಬೇಕು. 20 ರೂಪಾಯಿ ಬಾಟ್ಲಿಯಲ್ಲಿ ಕಂಪನಿಗೆ ಲಾಭ ಇದೆ, ಡೀಲರ್‌ಗೆ ಇದೆ, ನಮಗೂ ಇದೆ. ಅದನ್ನ ವಾಪಸ್ ಆರಿಸೋ ಖರ್ಚು ಯಾರ ಪುಸ್ತಕದಲ್ಲೂ ಇಲ್ಲ. ಅದಕ್ಕೇ ಅದು ಹೊಳೆ ಪಾಲಾಗ್ತದೆ.

3/4

ಕ್ಲೀನಿಂಗ್ ಬೇಡ ಅಂತ ನಾ ಹೇಳ್ತಿಲ್ಲ. ಬರೀ ಕ್ಲೀನಿಂಗ್ ಸಾಲೋದಿಲ್ಲ. ಮುಂದಿನ ಭಾನುವಾರಕ್ಕೆ ಅಷ್ಟೇ ಕಸ ಮತ್ತೆ ರೆಡಿ ಇರ್ತದೆ. ಜಾಸ್ತಿ ದಿನ ನಡೆಯೋ ಕೆಲಸಗಳಲ್ಲಿ ಒಂದು ವ್ಯವಸ್ಥೆ ಇರ್ತದೆ.

ಕೇರಳದ ಕೊಲ್ಲಂ ಹತ್ರ 2017ರಲ್ಲಿ ಶುಚಿತ್ವ ಸಾಗರಂ ಅಂತ ಶುರು ಮಾಡಿದ್ರು. ಬಲೆಗೆ ಸಿಕ್ಕ ಪ್ಲಾಸ್ಟಿಕ್‌ನ ಮೀನುಗಾರರು ಮತ್ತೆ ಸಮುದ್ರಕ್ಕೆ ಒಗೆಯದೆ ಬಂದರಿಗೆ ತಂದ್ರು. ಅಲ್ಲಿ ಹೆಣ್ಣುಮಕ್ಕಳು ತೊಳೆದು ಬೇರೆ ಮಾಡಿದ್ರು. ಅದನ್ನ ಪುಡಿ ಮಾಡಿ ರಸ್ತೆ ಡಾಂಬರಿಗೆ ಬಳಸಿದ್ರು. ತಂದ ಕಸಕ್ಕೆ ಹೋಗೋಕೆ ಒಂದು ಜಾಗ ಇತ್ತು, ಅದಕ್ಕೇ ಜನ ತಂದ್ರು.

ನಮ್ಮ ಅಂಜನಾದ್ರಿಗೆ ಇನ್ನೂ ಹತ್ರದ ಉದಾಹರಣೆ ಕೇದಾರನಾಥ. 2022ರಲ್ಲಿ ಅಲ್ಲಿ ಬಾಟ್ಲಿಗೆ ಕ್ಯೂಆರ್ ಕೋಡ್ ಅಂಟಿಸಿ 10 ರೂಪಾಯಿ ಠೇವಣಿ ತಗೊಂಡ್ರು. ಖಾಲಿ ಬಾಟ್ಲಿ ತಂದ್ರೆ ಹಣ ವಾಪಸ್. ಅದೇ ವರ್ಷ ನೀಲಗಿರಿಯ ಸರ್ಕಾರಿ ಮದ್ಯದಂಗಡಿಗಳಲ್ಲೂ ಖಾಲಿ ಬಾಟ್ಲಿಗೆ 10 ರೂಪಾಯಿ ಲೆಕ್ಕ ಬಂತು.

ಇದೇನು ಹೊಸದಲ್ಲ ನೋಡ್ರಿ. ನಿಮ್ಮ ಅಪ್ಪ ಅವ್ವನ್ನ ಕೇಳ್ರಿ. ಗಾಜಿನ ಸೋಡಾ ಬಾಟ್ಲಿ ಮನೆಗೆ ಒಯ್ಯಬೇಕಂದ್ರೆ ಅಂಗಡಿಯಲ್ಲಿ ದುಡ್ಡು ಇಟ್ಟು ಹೋಗ್ಬೇಕಿತ್ತು. ಆ ಬಾಟ್ಲಿನ ಯಾರೂ ಹೊಳೆಗೆ ಒಗೀತಿರ್ಲಿಲ್ಲ, ಯಾಕಂದ್ರೆ ಅದು ದುಡ್ಡು.

4/4

ನನ್ನ ಪ್ರಸ್ತಾಪ ಇಷ್ಟೇ. ಈ ಸಲ ಹನುಮಮಾಲೆ ದಿನ, ಒಂದೇ ಒಂದು ದಿನ, ಹನುಮನಹಳ್ಳಿಯ ಅಂಗಡಿಗಳಲ್ಲಿ ಬಾಟ್ಲಿಗೆ ಸ್ಟಿಕ್ಕರ್ ಅಂಟಿಸಿ 10 ರೂಪಾಯಿ ಠೇವಣಿ ತಗೊಳ್ಳೋಣ. ಪಾರ್ಕಿಂಗ್ ಹತ್ರ ಒಂದು ಕೌಂಟರ್. ಖಾಲಿ ಬಾಟ್ಲಿ ಕೊಡು, ಹತ್ತು ರೂಪಾಯಿ ತಗೋ. ಸರಿಹೋದ್ರೆ ಆನೆಗೊಂದಿ, ಸಾಣಾಪುರ, ಹರಿಗೋಲು ನಡೆಸೋರು, ಹೋಮ್‌ಸ್ಟೇಗಳನ್ನೂ ಕೇಳೋಣ.

"30 ರೂಪಾಯಿ ಅಂದ್ರ ಗಿರಾಕಿ ಜಗಳಾ ತಗಿತಾರ." ತೆಗೀತಾರೆ, ನಿಜ. ಬೋರ್ಡ್ ದೊಡ್ಡದಾಗಿ ಬರೆಯೋಣ. ಜಗಳಕ್ಕೆ ನಿಂತೋರಿಗೆ ನಾವೇ ಹೇಳೋಣ, ಅಪ್ಪನಂಥೋರ ತಲೆಗೆ ಹಾಕೋದು ಬೇಡ.

"ಬೇರೆ ಊರಿಂದ ಖಾಲಿ ಬಾಟ್ಲಿ ತಂದು ದುಡ್ಡು ಕೇಳಿದ್ರ?" ಅದಕ್ಕೇ ಸ್ಟಿಕ್ಕರ್.

"ವಾಪಸ್ ಬರದ ಬಾಟ್ಲಿ ದುಡ್ಡು ಅಂಗಡಿಯವರ ಜೇಬಿಗಾ?" ಇಲ್ಲ. ಠೇವಣಿ ಆದಾಯ ಅಲ್ಲ, ಲಯಬಿಲಿಟಿ. ಪರೀಕ್ಷೆಯಲ್ಲಿ ಬರೀತೀವಲ್ಲ, ಇಲ್ಲೂ ಬರೆಯೋಣ. ಉಳಿದ ಹಣ ದಂಡೆ ಆರಿಸೋರ ಕೂಲಿಗೆ, ಗಂಗಾವತಿಗೆ ಸಾಗಿಸೋ ಗಾಡಿ ಬಾಡಿಗೆಗೆ. ಎಷ್ಟು ಮಾರಿದ್ವಿ, ಎಷ್ಟು ವಾಪಸ್ ಬಂತು, ಎಷ್ಟು ಉಳೀತು, ಪೂರಾ ಲೆಕ್ಕ ಇದೇ ಪೇಜಿನಲ್ಲಿ ಹಾಕ್ತೀನಿ. ಫೇಲ್ ಆದ್ರೂ ಹಾಕ್ತೀನಿ.

ಅಪ್ಪ ಒಂದು ವಾರ ಯೋಚನೆ ಮಾಡಿ ಹೇಳಿದ: "ಒಂದ್ ದಿನ ಮಾಡಿ ನೋಡೂಣು. ಲಾಸ್ ಆದ್ರ ನಿನ್ ರಿಚಾರ್ಜ್ ಬಂದ್."

ಸೋ, ಒಂದು ಅಂಗಡಿ ಒಪ್ಪಿದೆ. ಪಕ್ಕದ ಅಂಗಡಿ ಕಾಕಾನ್ನ ಕೇಳ್ಬೇಕು. ಕೌಂಟರ್‌ನಲ್ಲಿ ಕೂರೋಕೆ ರಾತ್ರಿ ನಾಲ್ಕು ಜನ, ಬೆಳಿಗ್ಗೆ ನಾಲ್ಕು ಜನ ಬೇಕು. ಲೈಕ್ ಬೇಡ. ಬರೋರು ಕಾಮೆಂಟ್‌ನಲ್ಲಿ "ನಾ ಬರ್ತೀನಿ" ಅಂತ ಬರೀರಿ, ರಾತ್ರಿನೋ ಬೆಳಿಗ್ಗೆನೋ ಅದನ್ನೂ ಬರೀರಿ.

#ಹನುಮನಹಳ್ಳಿ #ತುಂಗಭದ್ರಾ #ಬಾಟ್ಲಿವಾಪಸ್