ಹೊಲದಲ್ಲಿ ವಿಮಾನವಿಳಿಸುವ ವಿದ್ಯೆ

2023ರ ಜೂನ್ 1ರಂದು ಚಾಮರಾಜನಗರದ ಸಮೀಪ, ಭೋಗಾಪುರದ ಬಯಲಿನಲ್ಲಿ ವಾಯುಪಡೆಯ ‘ಕಿರಣ್’ ತರಬೇತಿ ವಿಮಾನವೊಂದು ಬಿದ್ದು ನಾಶವಾಯಿತು. ಅದರಲ್ಲಿದ್ದ ಇಬ್ಬರೂ ಪ್ಯಾರಾಚೂಟಿನ ನೆರವಿನಿಂದ ಸುರಕ್ಷಿತವಾಗಿ ಇಳಿದರು. ಅಷ್ಟು ವಿಶಾಲವಾದ ಬಯಲಿರುವಾಗ ವಿಮಾನವನ್ನು ಅಲ್ಲಿಯೇ ಇಳಿಸಬಾರದಿತ್ತೆ ಎಂಬ ಪ್ರಶ್ನೆ ಏಳುವುದು ಸಹಜ.

ಉತ್ತರ ವೇಗದಲ್ಲಿದೆ. ಕಿರಣ್ ಜೆಟ್ ವಿಮಾನ. ಅದು ನೆಲ ಮುಟ್ಟುವ ವೇಗಕ್ಕೆ ಉದ್ದವಾದ, ಗಟ್ಟಿಯಾದ ರನ್‌ವೇ ಬೇಕು. ಉತ್ತ ಹೊಲದಲ್ಲಿ ಚಕ್ರ ಹೂತು ವಿಮಾನ ಮಗುಚೀತು. ಆದುದರಿಂದಲೇ ಚಾಲಕನನ್ನು ಹೊರಕ್ಕೆ ಚಿಮ್ಮಿಸುವ ಆಸನವನ್ನು ಅದರಲ್ಲಿ ಅಳವಡಿಸಿರುತ್ತಾರೆ.

ಪ್ರೊಪೆಲರಿನ ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ಅಂಥ ಆಸನವಿರುವುದಿಲ್ಲ. ಆದರೆ ಅದು ನಿಧಾನವಾಗಿ ಇಳಿಯಬಲ್ಲದು. ಎಂಜಿನ್ ನಿಂತರೂ ಕಲ್ಲಿನಂತೆ ಬೀಳದು. 1,000 ಅಡಿ ಎತ್ತರವಿದ್ದರೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ ತೇಲಿ ಹೋದೀತು. ಅಷ್ಟರೊಳಗೆ ಚಾಲಕ ಹೊಲವನ್ನು ಆರಿಸಿಕೊಳ್ಳಬೇಕು.

ಗುಂಡ್ಲುಪೇಟೆಯ ಸೀಮೆಯಲ್ಲಿ ಈ ಆಯ್ಕೆ ಸುಲಭವಲ್ಲ. ಅರಿಶಿನದ ಹೊಲದಲ್ಲಿ ಸಾಲಿನ ಗುಂಟ ಇಳಿಯಬೇಕು. ಅಡ್ಡಲಾಗಿ ಇಳಿದರೆ ಚಕ್ರ ಮುರಿಯುತ್ತದೆ. ಆಳೆತ್ತರದ ಸೂರ್ಯಕಾಂತಿ ನೆಲದ ಏರಿಳಿತವನ್ನು ಮರೆಮಾಡುತ್ತದೆ. ವಿದ್ಯುತ್ ತಂತಿ ಮೇಲಿನಿಂದ ಕಾಣದು. ಕಂಬಗಳನ್ನು ನೋಡಿ ಊಹಿಸಬೇಕು. ಕೊಯ್ಲು ಮುಗಿದ ಸಮತಟ್ಟಾದ ಹೊಲ ಸಿಕ್ಕಿ, ಎದುರು ಗಾಳಿಯೂ ಇದ್ದರೆ ಅದೇ ಭಾಗ್ಯ.

ಇಷ್ಟಾದರೂ ಕಣ್ಣಿಗೆ ಕಾಣದ ತೊಡಕೊಂದು ಉಳಿಯುತ್ತದೆ. ಸಮುದ್ರಮಟ್ಟದಿಂದ 2,400 ಅಡಿ ಎತ್ತರದ ಈ ನೆಲದಲ್ಲಿ ಬಿಸಿಲು 32 ಡಿಗ್ರಿಗೆ ಏರಿತೆಂದರೆ, ಗಾಳಿ 5,000 ಅಡಿ ಎತ್ತರದಲ್ಲಿರುವಷ್ಟೇ ತೆಳುವಾಗುತ್ತದೆ. ತೆಳುಗಾಳಿಯಲ್ಲಿ ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಮೆ ತೋರಿಸುತ್ತದೆ. ಅದರ ಮುಳ್ಳು ಗಂಟೆಗೆ 100 ಕಿಲೋಮೀಟರ್ ಎನ್ನುವಾಗ, ಗಾಳಿ ನಿಶ್ಚಲವಾಗಿದ್ದರೆ, ವಿಮಾನ ಸುಮಾರು 108ರಲ್ಲಿ ಸಾಗುತ್ತಿರುತ್ತದೆ. ಹೊಲ ಧಾವಿಸಿ ಬರುವುದನ್ನು ಕಂಡ ಹೊಸ ಚಾಲಕ ಬೆದರಿ, ವೇಗ ತಗ್ಗಿಸಲೆಂದು ಮೂತಿಯನ್ನು ಮೇಲೆತ್ತುತ್ತಾನೆ. ಆದರೆ ರೆಕ್ಕೆಗೆ ಆಧಾರ ದೊರೆಯುವುದು ಮಾಪಕ ತೋರಿಸುವ ವೇಗದಿಂದ. ಅದು ತೀರ ಇಳಿದರೆ ಆಧಾರ ತಪ್ಪಿ ವಿಮಾನ ಕುಸಿಯುತ್ತದೆ. ಆ ಗಳಿಗೆಯಲ್ಲಿ ನಂಬಬೇಕಾದುದು ಕಣ್ಣನ್ನಲ್ಲ, ಮುಳ್ಳನ್ನು.

ಇಷ್ಟೆಲ್ಲವನ್ನೂ ಎಂಜಿನ್ ನಿಂತ ಮೇಲೆ ಯೋಚಿಸಲು ಸಮಯವೆಲ್ಲಿ? ಆದುದರಿಂದ ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಕೆಳಗಿನ ಹೊಲಗಳನ್ನು ಗುರುತಿಸುತ್ತ ಸಾಗುವುದು ಚಾಲಕನಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನಿಗೆ ಆಕಾಶದಲ್ಲಿಯೂ ನೀರು ಸಿಕ್ಕುವುದಿಲ್ಲ.